ಕಿಡಕಿಗೆ ಆರ್ಕಿಡ್ ಬರಲಿ, ಮನೆಗೆ ಸಾಲ ಬೇಡ

ನಮ್ಮ ರೋಣ ಭಾಗದಲ್ಲಿ ಕಟ್ಟೆಯ ಮೇಲೆ ಕುಂತರೆ ಹೆಸರು, ಕಡಲೆ, ಬಿಳಿಜೋಳದ ಮಾತು. ಹೋದ ವರ್ಷದಿಂದ ಅದರ ನಡುವೆ ಆರ್ಕಿಡ್ ಮಾತೂ ಸೇರಿದೆ. ಸಸಿ ಮಾರುವವರೊಬ್ಬರು ಬಂದು, "ಮಳಿ ಬ್ಯಾಡ, ಹೊಲ ಬ್ಯಾಡ. ಒಂದು ಖೋಲಿಯೊಳಗ ದೀಪ ಹಚ್ಚಿ ಬೆಳೀರಿ, ಹೂವು ನಾವ ಒಯ್ತೀವಿ" ಎಂದರು. ನನ್ನ ಮಗ, "ಎರಡೆಕರೆ ಉತಾರ ಇಟ್ಟು ಸಾಲ ತೆಗಿಯೋಣಪ್ಪಾ" ಎಂದ. ನಾನು ಬೇಡವೆಂದೆ. ಅವನಿಗೆ ಹೇಳಿದ ಕಾರಣಗಳನ್ನೇ ಇಲ್ಲಿ ಬರೆದಿದ್ದೇನೆ.

ನನಗೆ ಆರ್ಕಿಡ್ ಮೇಲೆ ಸಿಟ್ಟಿಲ್ಲ. ಸೊಸೆ ಮೂರು ವರ್ಷದಿಂದ ಮೂಡಲ ಕಿಡಕಿಯಲ್ಲಿ ಫೆಲೆನಾಪ್ಸಿಸ್ ಗಿಡವೊಂದನ್ನು ಸಾಕಿದ್ದಾಳೆ. ಅದಕ್ಕೆ ಮಣ್ಣು ಹಾಕಿಲ್ಲ. ಇದ್ದಿಲು, ಹಂಚಿನ ಚೂರು, ತೆಂಗಿನ ಸಿಪ್ಪೆ ಅಷ್ಟೇ. ನಮ್ಮ ಬೋರಿನ ಸವಳು ನೀರು ಹಾಕಿದಾಗ ಬೇರಿನ ತುದಿ ಕಪ್ಪಾದವು. ಮಳೆನೀರು ಹಿಡಿದಿಟ್ಟು ಹಾಕಿದ ಮೇಲೆ ಚೇತರಿಸಿತು. ಪರಾತದಲ್ಲಿ ಹರಳು ಹರವಿ ನೀರು ಹಾಕಿ, ಅದರ ಮೇಲೆ ಕುಂಡ ಇಡುತ್ತಾಳೆ. ಕುಂಡದ ತಳ ನೀರಿಗೆ ತಾಗಬಾರದು. ರಾತ್ರಿ ತಂಪು ಬಿದ್ದು ಎಳ್ಳಮಾಸಿ ಹೊತ್ತಿಗೆ ಹೂದಂಟು ಬಂತು. ಹೂವು ಎರಡು ತಿಂಗಳು ಬಾಡಲಿಲ್ಲ.

ಒಂದು ಗಿಡ ಬದುಕಿತು ಅಂತ ಸಾವಿರ ಗಿಡ ಬದುಕುತ್ತವೆಯೇ? ಮಲೆನಾಡಿನಲ್ಲಿ ಸೀತಾಳೆ ದಂಡೆ ಮರದ ಮೇಲೆ ತಾನಾಗಿ ಬೆಳೆಯುತ್ತದೆ. ಅದೂ ಆರ್ಕಿಡ್ಡೇ. ಅದರ ಬೇರು ಹಸಿ ಗಾಳಿಯಿಂದ ತೇವ ಹೀರುತ್ತದೆ. ನಮ್ಮದು ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯ ನಾಡು. ಗಜೇಂದ್ರಗಡದ ಗುಡ್ಡದ ಮೇಲೆ ಯಂತ್ರ ತಿರುಗಿಸುವ ಗಾಳಿಯೇ ಈ ಬೇರನ್ನು ಒಣಗಿಸುತ್ತದೆ. ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ. ಮಣ್ಣಿನ ಮಾಳಿಗೆ ಮನೆ ತಂಪು ನಿಜ, ಆದರೆ ಒಳಗೆ ಬೆಳಕು ಕಡಿಮೆ. ತಗಡಿನ ಶೆಡ್ಡಾದರೆ ಒಲೆ ಇದ್ದಂಗ.

ಇನ್ನು ದೀಪದ ಲೆಕ್ಕ. 40 ವ್ಯಾಟಿನ 20 ಎಲ್‌ಇಡಿ ಪಟ್ಟಿ ದಿನಕ್ಕೆ 12 ತಾಸು ಉರಿದರೆ 9.6 ಯುನಿಟ್, ತಿಂಗಳಿಗೆ 288. ತಂಪು ಮಾಡುವ, ತೇವ ಮಾಡುವ ಯಂತ್ರದ ಕರೆಂಟು ಬೇರೆ. 2023ರಲ್ಲಿ ಬಂದ ಗೃಹಜ್ಯೋತಿ ಮನೆಬಳಕೆಗೆ ಮಾತ್ರ, ಅದೂ 200 ಯುನಿಟ್ಟಿನ ಒಳಗೆ. ಅದನ್ನು ನಂಬಿ ವ್ಯಾಪಾರದ ಬೆಳೆ ಬೆಳೆಯುವಂತಿಲ್ಲ. ಅಂಗಾಂಶ ಕೃಷಿಯ ಎಳೆ ಸಸಿ ಹೂ ಬಿಡಲು ಎರಡು-ಮೂರು ವರ್ಷ ಬೇಕು. ಸಾಲದ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ. ಕಾದು ಬೆಳೆದರೂ ಪೇಟೆಯಲ್ಲಿ ಸಿಕ್ಕಿಂ ಹೂವು, ಥಾಯ್ಲೆಂಡಿನ ಹೂವಿನ ಜೊತೆ ಪೈಪೋಟಿ.

ಕರಾವಳಿ, ಮಲೆನಾಡಿನ ಓದುಗರಿಗೆ ವೆನಿಲಾ ನೆನಪಿರಬೇಕು. ಅದೂ ಆರ್ಕಿಡ್ ಜಾತಿಯೇ. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ದರ ಏರುತ್ತಾ ಹೋಯಿತು. 2003ರ ಹೊತ್ತಿಗೆ ಎಲ್ಲರೂ ಬಳ್ಳಿ ನೆಟ್ಟರು. 2004ರ ನಂತರ ದರ ನೆಲಕಚ್ಚಿತು. ಬಳ್ಳಿ ಮಾರಿದವರು ಮೊದಲೇ ದುಡ್ಡು ಎಣಿಸಿಕೊಂಡಿದ್ದರು, ತಡವಾಗಿ ನೆಟ್ಟವರು ಕೈ ಸುಟ್ಟುಕೊಂಡರು. ಸಸಿ ಮಾರುವವರೇ ಮುಂದೆ ನಿಂತು ಲಾಭದ ಲೆಕ್ಕ ಹೇಳಿದರೆ ಒಣಬೇಸಾಯದ ನಮ್ಮಂಥವರು ಎರಡು ಸಲ ಯೋಚಿಸಬೇಕು.

ಬೆಳೆಯಲೇಬೇಕೆಂಬ ಆಸೆ ಇದ್ದರೆ ಮೊದಲು ಎರಡು ಕುಂಡ ತಂದು ಒಂದು ಬ್ಯಾಸಗಿ ದಾಟಿಸಿ ನೋಡ್ರಿ. ಆಮೇಲೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಹೋಗಿ ಕೇಳ್ರಿ. ಹೂವು ಒಯ್ಯುವವರು ದರವನ್ನು ಕಾಗದದ ಮೇಲೆ ಬರೆದು ಕೊಡಲಿ. ಇಷ್ಟೂ ಆಗದೆ ಉತಾರ ಕೈಬಿಡಬ್ಯಾಡ್ರಿ.

ಮಗ ಇನ್ನೂ ಪೂರ್ತಿ ಒಪ್ಪಿಲ್ಲ. ಸೊಸೆ ಮಾತ್ರ ಕುಂಡಕ್ಕೆ ನೀರು ಹಾಕುತ್ತಾ, "ಮಾವಾರ, ಹೂವು ನೋಡಾಕ ಸಾಲ ಯಾಕ ಬೇಕ್ರಿ?" ಎಂದಳು.