ಮಣ್ಣಿನ ತಪ್ಪಿಗೆ ಬೀಜಕ್ಕೆ ಶಿಕ್ಷೆಯೆ?

ಬೆಳೆಯುವ ಸಿರಿ ಮೊಳಕೆಯಲ್ಲೇ ಎಂಬ ಗಾದೆಯನ್ನು ಕೇಳುತ್ತಲೇ ನಾವು ಬೆಳೆದೆವು. ಈಗ ಅದು ವಿಜ್ಞಾನದ ವೇಷದಲ್ಲಿ ಬಂದಿದೆ. ಬುದ್ಧಿಯ ಬಹುಪಾಲು ಹುಟ್ಟಿನಿಂದಲೇ ಬರುತ್ತದೆ, ಅವಳಿಗಳ ಅಧ್ಯಯನದಿಂದ ಇದು ಸಿದ್ಧವಾಗಿದೆ, ಆದ್ದರಿಂದ ಹಿಂದುಳಿದವರ ಶಿಕ್ಷಣಕ್ಕೆ ಮಾಡುವ ವೆಚ್ಚ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಈ ಮಾತನ್ನು ದೆಹಲಿಯ ಕಚೇರಿಗಳಲ್ಲಿ ಮಾತ್ರವಲ್ಲ, ನಮ್ಮ ಕನ್ನಡ ಕೂಟಗಳ ಊಟದ ಪಂಕ್ತಿಯಲ್ಲೂ ಕೇಳಿದ್ದೇವೆ, ಕೇಳಿ ಸುಮ್ಮನಿದ್ದೇವೆ. ಇನ್ನು ಸುಮ್ಮನಿರುವುದು ತರವಲ್ಲ.

ಅವಳಿಗಳ ಅಧ್ಯಯನ ನಿಜವಾಗಿ ಹೇಳುವುದೇನು? ಏಕರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಒಂದೇ. ಭಿನ್ನರೂಪಿ ಅವಳಿಗಳಲ್ಲಿ ಸಾಮ್ಯ ಒಡಹುಟ್ಟಿದವರಷ್ಟೇ. ಮೊದಲ ಬಗೆಯ ಜೋಡಿಗಳಲ್ಲಿ ಹೋಲಿಕೆಯ ಅಳತೆ 0.8, ಎರಡನೆಯದರಲ್ಲಿ 0.5 ಎಂದಿಟ್ಟುಕೊಳ್ಳೋಣ. ಅಂತರವನ್ನು ಇಮ್ಮಡಿಸಿದರೆ 0.6. ಇದೇ ಅನುವಂಶೀಯತೆಯ ಸರಳ ಅಂದಾಜು. ಒಂದು ಮಗುವಿನ ಬುದ್ಧಿಯಲ್ಲಿ ಶೇ. 60 ತಂದೆತಾಯಿಯರದು ಎಂದು ಇದರ ಅರ್ಥವಲ್ಲ. ಆ ಜನಸಮೂಹದಲ್ಲಿ, ಆ ಪರಿಸರದಲ್ಲಿ, ಮಕ್ಕಳ ನಡುವೆ ಕಂಡ ವ್ಯತ್ಯಾಸದಲ್ಲಿ ಅಷ್ಟು ಪಾಲು ವಂಶವಾಹಿಗಳ ವ್ಯತ್ಯಾಸಕ್ಕೆ ಸಂಬಂಧಿಸಿದ್ದು ಎಂದಷ್ಟೇ.

1969ರಲ್ಲಿ ಅಮೆರಿಕದ ಆರ್ಥರ್ ಜೆನ್ಸನ್ ಇಂಥ ಅಂಕಿಗಳನ್ನು ಮುಂದಿಟ್ಟು, ಕರಿಯರ ಮತ್ತು ಬಿಳಿಯರ ಸರಾಸರಿ ಅಂತರಕ್ಕೂ ವಂಶವಾಹಿಗಳು ಕಾರಣವಾಗಿರಬಹುದೆಂದು ವಾದಿಸಿದರು. ಮರುವರ್ಷವೇ ರಿಚರ್ಡ್ ಲೆವೊಂಟಿನ್ ಉತ್ತರ ಕೊಟ್ಟರು: ಒಂದೇ ಚೀಲದ ಮಿಶ್ರ ಬೀಜಗಳನ್ನು ಎರಡು ಪಾತಿಗಳಲ್ಲಿ ಬಿತ್ತಿ, ಒಂದಕ್ಕೆ ಪೂರ್ಣ ಪೋಷಣೆ, ಇನ್ನೊಂದಕ್ಕೆ ಅರೆಪೋಷಣೆ ಕೊಡಿ. ಒಂದೊಂದು ಪಾತಿಯೊಳಗಿನ ಏರಿಳಿತಕ್ಕೆಲ್ಲ ಬೀಜವೇ ಕಾರಣ. ಎರಡು ಪಾತಿಗಳ ನಡುವಿನ ಅಂತರಕ್ಕೆ ಪೋಷಣೆಯೊಂದೇ ಕಾರಣ. ಗುಂಪಿನೊಳಗಿನ ಅಂಕಿಯನ್ನು ಗುಂಪುಗಳ ನಡುವೆ ಹಚ್ಚುವುದು ತರ್ಕದ ದೋಷ.

ಆ ಅಂಕಿಯೂ ಸ್ಥಿರವಲ್ಲ. 2003ರಲ್ಲಿ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಏಳು ವರ್ಷದ ಅಮೆರಿಕನ್ ಅವಳಿಗಳನ್ನು ಪರಿಶೀಲಿಸಿದರು. ಬಡ ಕುಟುಂಬಗಳಲ್ಲಿ ವ್ಯತ್ಯಾಸದ ಸುಮಾರು ಶೇ. 60 ಪಾಲು ಮನೆಯ ಪರಿಸರದ್ದು. ವಂಶವಾಹಿಗಳ ಪಾಲು ಶೂನ್ಯದ ಹತ್ತಿರ. ಶ್ರೀಮಂತರಲ್ಲಿ ಹೆಚ್ಚುಕಡಿಮೆ ಇದರ ತಿರುವುಮುರುವು. ಹಲವು ದೇಶಗಳ ಅಧ್ಯಯನಗಳನ್ನು 2016ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಈ ಬಗೆ ಅಮೆರಿಕದಲ್ಲಿ ಕಂಡಿತು. ಪಶ್ಚಿಮ ಯೂರೋಪು, ಆಸ್ಟ್ರೇಲಿಯಗಳಲ್ಲಿ ಕಾಣಲಿಲ್ಲ. ಅಲ್ಲಿ ಶಿಕ್ಷಣ, ಆರೋಗ್ಯಗಳು ಹೆಚ್ಚು ಸಮನಾಗಿ ಸಿಗುವುದು ಕಾರಣವಿರಬಹುದೆಂದು ಸಂಶೋಧಕರೇ ಊಹಿಸಿದರು. ಎಂದರೆ, ದೇಶದ ನೀತಿ ಬದಲಾದರೆ ಅನುವಂಶೀಯತೆಯ ಅಂಕಿಯೂ ಬದಲಾಗಬಲ್ಲದು.

ವಂಶವಾಹಿಗಳಿಗೆ ಪಾತ್ರವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಎರಡು ಗುಂಪುಗಳಲ್ಲಿ ಆ ಪಾಲು ಒಂದೇ ಇದೆಯೆ, ಬೇರೆಯೆ ಎಂದು ಅವಳಿಗಳಿಂದ ಪರೀಕ್ಷಿಸಬಹುದು. ಆದರೆ ಪಾಲು ಒಂದೇ ಎಂದು ಕಂಡರೂ ಸರಾಸರಿಗಳ ಅಂತರ ಹುಟ್ಟಿನದೆಂದು ಸಿದ್ಧವಾಗುವುದಿಲ್ಲ.

ನಮ್ಮ ನಾಡಿನಲ್ಲಿ ಎಲ್ಲ ಜಾತಿಗಳಿಗೂ ಒಂದೇ ಮಣ್ಣು ಎಂದಾದರೂ ಸಿಕ್ಕಿತ್ತೆ? ನಮ್ಮಲ್ಲಿ ಅನೇಕರಿಗೆ ಮನೆಯಲ್ಲಿ ಪುಸ್ತಕವಿತ್ತು, ಪಾಠ ಹೇಳಿಕೊಡುವ ಹಿರಿಯರಿದ್ದರು, ಹೊತ್ತಿಗೆ ಸರಿಯಾಗಿ ಊಟವಿತ್ತು. ಅದನ್ನೆಲ್ಲ ಮರೆತು, ಪಡೆದದ್ದನ್ನು ಹುಟ್ಟುಗುಣವೆಂದು ಸಾರುವುದು ವಿಜ್ಞಾನವೂ ಅಲ್ಲ, ಪ್ರಾಮಾಣಿಕತೆಯೂ ಅಲ್ಲ. ಮುಂದಿನ ಪಂಕ್ತಿಯಲ್ಲಿ ಈ ಮಾತು ಬಂದಾಗ ತಲೆದೂಗದೆ ಕೇಳೋಣ: ಯಾವ ಜನರ ಅಂಕಿ ಇದು, ಯಾವ ಕಾಲದ್ದು, ಯಾವ ಮಣ್ಣಿನದು?