ಪದವಿಯುಂಟು, ಪಟ್ಟಿಯಲ್ಲಿ ಹೆಸರಿಲ್ಲ

ಪರದೇಶದಲ್ಲಿ ವೈದ್ಯವಿದ್ಯೆಯನ್ನು ಓದಿ ಮರಳಿದ ತರುಣರ ನೋಂದಣಿಯ ಪ್ರಶ್ನೆಯು ದಿಲ್ಲಿ ಬೆಂಗಳೂರುಗಳ ಕಚೇರಿಗಳಿಗೆ ಮಾತ್ರ ಸಂಬಂಧಪಟ್ಟದ್ದೆಂದು ತಿಳಿದವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಒಮ್ಮೆ ತಿರುಗಾಡಿ ಬರಬೇಕು. ರಶಿಯ, ಕಿರ್ಗಿಸ್ತಾನ, ಜಾರ್ಜಿಯ, ಫಿಲಿಪ್ಪೀನ್ಸ್, ಚೀನ ಮುಂತಾದ ದೇಶಗಳಿಂದ ಪದವಿಪತ್ರವನ್ನು ತಂದು, ಊರವರಿಂದ ಡಾಕ್ಟರೆಂದು ಕರೆಯಿಸಿಕೊಂಡು, ಕಾಯಿದೆಯ ಕಣ್ಣಿಗೆ ಮಾತ್ರ ಇನ್ನೂ ಡಾಕ್ಟರಾಗದೆ ಕುಳಿತಿರುವ ಮಕ್ಕಳು ಅಲ್ಲಿ ಕಾಣಸಿಗುವರು. ಅದೇ ತಾಲೂಕುಗಳಲ್ಲಿ ರಾತ್ರಿಯ ಹೊತ್ತು ದವಾಖಾನೆಗೆ ಹೋದರೆ ಡಾಕ್ಟರರಿಲ್ಲವೆಂಬ ದೂರೂ ಕೇಳಿಬರುವುದು. ಹೆರಿಗೆಯ ನೋವು ತಿನ್ನುವ ಹೆಣ್ಣುಮಗಳನ್ನು ಇಂಡಿಯವರು ಸೊಲ್ಲಾಪುರಕ್ಕೂ, ಸಿಂದಗಿಯವರು ವಿಜಯಪುರಕ್ಕೋ ಕಲಬುರಗಿಗೋ, ಮುದ್ದೇಬಿಹಾಳದವರು ಬಾಗಲಕೋಟೆಗೂ ಹೊತ್ತುಕೊಂಡು ಓಡುವ ಸಂಗತಿಯನ್ನು ನಮ್ಮ ವಾಚಕರಿಗೆ ನಾವು ಹೊಸತಾಗಿ ತಿಳಿಸಬೇಕಾಗಿಲ್ಲ. ಕೆಲಸವಿಲ್ಲದ ಡಾಕ್ಟರೂ ಡಾಕ್ಟರಿಲ್ಲದ ದವಾಖಾನೆಯೂ ಒಂದೇ ಊರಿನ ಒಂದೇ ಓಣಿಯಲ್ಲಿರುವುದು ಆಡಳಿತಕ್ಕೆ ಶೋಭೆ ತರತಕ್ಕ ಸಂಗತಿಯಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆವು. ಪರೀಕ್ಷೆಯು ಕಠಿನವಾಗಿಯೇ ಇರಲಿ; ಅದರಲ್ಲಿ ಒಂದು ಅಂಕದ ರಿಯಾಯಿತಿಯೂ ಬೇಡ. ಆದರೆ ಪರೀಕ್ಷೆಯನ್ನು ಗೆದ್ದವನನ್ನು ಬಾಗಿಲ ಹೊರಗೆ ವರುಷಗಟ್ಟಲೆ ನಿಲ್ಲಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಈ ಮಕ್ಕಳು ಹೊರದೇಶಕ್ಕೆ ಹೋದದ್ದು ವಿಲಾಸಕ್ಕಲ್ಲ. ನೀಟ್ ಪರೀಕ್ಷೆಗೆ ಈಗ ವರುಷಕ್ಕೆ ೨೦ ಲಕ್ಷಕ್ಕೂ ಮಿಕ್ಕಿ ವಿದ್ಯಾರ್ಥಿಗಳು ಕೂಡುತ್ತಾರೆ, ದೇಶದಲ್ಲಿರುವ ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ೧ ಲಕ್ಷದ ಮೇಲೆ ಚಿಲ್ಲರೆ. ಅದರಲ್ಲಿಯೂ ಸರಿಸುಮಾರು ಅರ್ಧ ಖಾಸಗಿ ಕಾಲೇಜುಗಳವು. ವಿಜಯಪುರದಲ್ಲಿ ಅಲ್-ಅಮೀನ್ ವೈದ್ಯಕೀಯ ಕಾಲೇಜು ೧೯೮೪ರಿಂದಲೂ, ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು ೧೯೮೬ರಿಂದಲೂ ನಡೆದಿವೆ, ಎರಡೂ ಖಾಸಗಿಯವು. ಸರಕಾರದ ಕಾಲೇಜೇ ಬೇಕು, ಖಾಸಗಿಯವರ ಪಾಲುಗಾರಿಕೆ ಬೇಡವೆಂದು ಜಿಲ್ಲೆಯ ಜನರು ೨೦೨೫ರಲ್ಲಿ ಧರಣಿ ಕೂಡಬೇಕಾಯಿತು. ಹೀಗಿರುವಾಗ ಎರಡೆಕರೆ ಲಿಂಬೆಯ ತೋಟವನ್ನು ಒತ್ತೆಯಿಟ್ಟು ಮಗನನ್ನು ಬಿಶ್ಕೆಕ್ಕಿಗೆ ಕಳುಹಿಸಿದ ತಂದೆಯನ್ನು ದುರಾಶೆಯವನೆಂದು ಹಳಿಯುವುದು ಸುಲಭವೇ ಹೊರತು ನ್ಯಾಯವಲ್ಲ. ೨೦೨೨ರ ಮಾರ್ಚ್ ತಿಂಗಳ ಮೊದಲ ದಿನ ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ಲಿನ ಹೊಡೆತಕ್ಕೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯು ನಮ್ಮ ನಾಡಿನವನೇ. ಅಂದು ಕಣ್ಣೀರು ಸುರಿಸಿದ ಪುಢಾರಿಗಳು ಆ ವಿದ್ಯಾರ್ಥಿಯ ಸಂಗಡ ಓದಿ ಬದುಕಿ ಬಂದವರ ಗತಿಯೇನಾಯಿತೆಂದು ಆಮೇಲೆ ವಿಚಾರಿಸಿದಂತೆ ನಮಗೆ ಕಾಣುವುದಿಲ್ಲ.

ಈಗ ಕಾಯಿದೆಯ ದಾರಿಯನ್ನು ನೋಡೋಣ. ೨೦೦೨ರಿಂದ ಹೊರದೇಶದ ಪದವೀಧರರು ಸ್ಕ್ರೀನಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಇಲ್ಲಿಯ ಪಟ್ಟಿಯಲ್ಲಿ ಹೆಸರು ಬರೆಯಿಸುವಂತಿಲ್ಲ. ವರುಷಕ್ಕೆರಡು ಬಾರಿ ನಡೆಯುವ ಈ ಪರೀಕ್ಷೆಯಲ್ಲಿ ೩೦೦ ಪ್ರಶ್ನೆಗಳು. ೧೫೦ ಅಂಕ ಬಂದರೆ ತೇರ್ಗಡೆ. ಐವರು ಕುಳಿತರೆ ಒಬ್ಬನು ತೇರ್ಗಡೆಯಾಗುವನೆಂಬುದು ಇತ್ತೀಚಿನ ಹಲವು ಫಲಿತಾಂಶಗಳ ಸರಾಸರಿ ಲೆಕ್ಕ. ಹಳೆಯ ವೈದ್ಯಕೀಯ ಪರಿಷತ್ತು ಹೋಗಿ ೨೦೨೦ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬಂದಿತು. ಆಯೋಗದ ೨೦೨೧ರ ನಿಯಮಗಳ ಪ್ರಕಾರ ಹೊರದೇಶದ ಓದು ೫೪ ತಿಂಗಳಿಗೆ ಕಡಿಮೆಯಿರಕೂಡದು. ಓದು ಇಂಗ್ಲಿಷಿನಲ್ಲಿ ನಡೆದಿರಬೇಕು. ಅಲ್ಲಿಯೇ ೧೨ ತಿಂಗಳ ಇಂಟರ್ನ್‌ಶಿಪ್ ಎಂಬ ಉಮೇದವಾರಿಯನ್ನು ಮುಗಿಸಿ, ಇಲ್ಲಿಗೆ ಬಂದು ಮತ್ತೆ ೧೨ ತಿಂಗಳು ಮಾಡಬೇಕು. ಓದಿದ ದೇಶದಲ್ಲಿ ಆ ದೇಶದವರಂತೆಯೇ ವೈದ್ಯವೃತ್ತಿಗೆ ಅರ್ಹನಾಗಿರಬೇಕೆಂಬ ಇನ್ನೊಂದು ಷರತ್ತುಂಟು. ದಲಾಲರ ಮಾತು ಕೇಳಿ ಹೋದ ಅನೇಕರು ಈ ಷರತ್ತಿನಲ್ಲಿಯೇ ಎಡವುತ್ತಾರೆ. ಇಷ್ಟೆಲ್ಲವೂ ಸೇರಿದ ದಿನದಿಂದ ಹತ್ತು ವರುಷಗಳೊಳಗೆ ಮುಗಿಯತಕ್ಕದ್ದು.

ಪರೀಕ್ಷೆಯನ್ನೇ ತೆಗೆದುಹಾಕಿರೆಂದು ಕೂಗುವವರ ಸಂಗಡ ನಾವು ದನಿಗೂಡಿಸಲಾರೆವು. ಪರೀಕ್ಷೆಯಿಲ್ಲದ ವೈದ್ಯನಿಂದ ಮೊದಲು ಸಾಯುವವನು ಬಡವನು. ಶ್ರೀಮಂತನಿಗೆ ಪುಣೆಯ ದಾರಿಯೂ ಗೊತ್ತು, ಹೈದರಾಬಾದಿನ ದಾರಿಯೂ ಗೊತ್ತು. ಅಲ್ಲದೆ ಪರೀಕ್ಷೆಯನ್ನು ತಪ್ಪಿಸಿ ಒಳಗೆ ಬಂದವರ ಕಥೆಯನ್ನು ದೇಶವು ಈಗಾಗಲೆ ನೋಡಿದೆ. ತೇರ್ಗಡೆಯಾಗದೆಯೇ ೧೪ ರಾಜ್ಯಗಳ ವೈದ್ಯ ಮಂಡಳಿಗಳಲ್ಲಿ ೭೩ ಜನರು ಹೆಸರು ಬರೆಯಿಸಿಕೊಂಡರೆಂಬ ಆರೋಪದ ಮೇಲೆ ಸಿ.ಬಿ.ಐ.ಯವರು ೨೦೨೨ರ ಡಿಸೆಂಬರಿನಲ್ಲಿ ಮೊಕದ್ದಮೆ ದಾಖಲಿಸಿ ೯೧ ಸ್ಥಳಗಳಲ್ಲಿ ಶೋಧ ನಡೆಸಿದರು.

ಪರದೇಶದ ಪದವಿಗೆ ಮನ್ನಣೆ ಕೊಡುವುದು ಬಿಡುವುದು ಸ್ವತಂತ್ರ ರಾಷ್ಟ್ರದ ಹಕ್ಕು. ಈ ಹಕ್ಕು ನಮಗೆ ಅಪಮಾನದ ಮೂಲಕ ಬಂದಿತೆಂಬುದನ್ನು ಮರೆಯಲಾಗದು. ವಿಜಾಪುರ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಇಲ್ಲಿಯ ಡಾಕ್ಟರರ ಹೆಸರುಗಳು ೧೯೧೨ರ ಮುಂಬಯಿ ಕಾಯಿದೆಯಂತೆ ಅಲ್ಲಿಯ ಪಟ್ಟಿಯಲ್ಲಿರುತ್ತಿದ್ದವು. ಅವರ ಪದವಿಗೆ ಸಮುದ್ರದಾಚೆ ಬೆಲೆ ಕಟ್ಟುವವರು ಮಾತ್ರ ಲಂಡನ್ನಿನವರು. ಪ್ರಸೂತಿವಿದ್ಯೆಯ ಶಿಕ್ಷಣ ಸಾಲದೆಂಬ ಆಕ್ಷೇಪದಿಂದ ಆರಂಭವಾದ ವಾದವು ಬೆಳೆದು ೧೯೩೦ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ಲು ಭಾರತದ ಪದವಿಗಳಿಗೆ ಕೊಡುತ್ತಿದ್ದ ಮನ್ನಣೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಆ ಪೆಟ್ಟಿನ ಫಲವಾಗಿಯೇ ೧೯೩೩ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯಿದೆಯು ಹುಟ್ಟಿತು. ೧೯೩೬ರಲ್ಲಿ ಮನ್ನಣೆ ಮರಳಿತಾದರೂ ೧೯೭೫ರಲ್ಲಿ ಮತ್ತೆ ಹೋಯಿತು. ಅಂದಿನಿಂದ ಇಂಗ್ಲೆಂಡಿಗೆ ಹೋದ ನಮ್ಮವರು ಅಲ್ಲಿಯ ಪರೀಕ್ಷೆಗೆ ಕೂಡಬೇಕಾಯಿತು.

ಆದರೆ ಆ ದೇಶದವರು ಮಾಡಿದ ಇನ್ನೊಂದು ಕೆಲಸವನ್ನೂ ನಮ್ಮ ಅಧಿಕಾರಿಗಳು ಗಮನಿಸಬೇಕು. ತಮ್ಮ ಡಾಕ್ಟರರು ಹೋಗಲೊಲ್ಲದ ವೇಲ್ಸ್ ಸೀಮೆಯ ಗಣಿಹಳ್ಳಿಗಳಲ್ಲಿ ಭಾರತದಿಂದ ಹೋದ ಡಾಕ್ಟರರಿಗೆ ಕೆಲಸ ಕೊಟ್ಟು, ಸಂಬಳ ಕೊಟ್ಟು, ತಮ್ಮ ಗಣಿಗಾರರ ಎದೆಯ ರೋಗವನ್ನು ಅವರಿಂದ ನೋಡಿಸಿಕೊಂಡರು. ಬಣ್ಣದ ಭೇದವನ್ನು ಅವರು ಬಿಡಲಿಲ್ಲ, ನಿಜ. ಕೈಗೆ ಬಂದ ವೈದ್ಯನನ್ನು ವ್ಯರ್ಥವಾಗಿ ಕೂಡಿಸಲೂ ಇಲ್ಲ. ಅಮೇರಿಕದಲ್ಲಿ ಪರೀಕ್ಷೆಯು ಸ್ವದೇಶಿಗೂ ಪರದೇಶಿಗೂ ಒಂದೇ. ಗೆದ್ದು ದವಾಖಾನೆಯಲ್ಲಿ ಸ್ಥಾನ ಪಡೆದವನು ಕಲಿಯುತ್ತಲೇ ಸಂಬಳವನ್ನೂ ಪಡೆಯುತ್ತಾನೆ. ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸರು ೧೯೩೮ರಲ್ಲಿ ಕಾಂಗ್ರೆಸ್ಸಿನ ವೈದ್ಯತಂಡದೊಡನೆ ಚೀನಕ್ಕೆ ಹೋಗಿ, ಯುದ್ಧದ ಗಾಯಾಳುಗಳ ಸೇವೆ ಮಾಡುತ್ತ ೧೯೪೨ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ಚೀನದಿಂದ ಓದಿ ಬಂದವನಿಗೆ ಇಂದು ಸೊಲ್ಲಾಪುರದ ಮಗ್ಗುಲಿನ ಇಂಡಿಯಲ್ಲಿ ಸ್ಟೆಥಾಸ್ಕೋಪು ಹಿಡಿಯಲು ಎಡೆಯಿಲ್ಲ.

ತೊಡಕು ಬಲಿಯುವುದು ಪರೀಕ್ಷೆ ಮುಗಿದ ಮೇಲೆ. ತೇರ್ಗಡೆಯಾದವನು ಒಂದು ವರುಷದ ಉಮೇದವಾರಿಗೆ ಸ್ಥಾನ ಹುಡುಕಬೇಕು. ಒಂದು ಕಾಲೇಜಿನ ಮಂಜೂರಾದ ಸ್ಥಾನಗಳ ನೂರಕ್ಕೆ ಏಳೂವರೆಯಷ್ಟು ಮಾತ್ರ ಹೊರದೇಶದ ಪದವೀಧರರನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದೆಂದು ಆಯೋಗವು ೨೦೨೨ರಲ್ಲಿ ಮಿತಿ ಹಾಕಿತು. ೧೫೦ ಸ್ಥಾನಗಳ ಕಾಲೇಜಾದರೆ ಹನ್ನೊಂದು ಜನ! ಯುದ್ಧದಿಂದಲೂ ಕೊರೋನಾದಿಂದಲೂ ಕೊನೆಯ ವರುಷವನ್ನು ಅರ್ಧಕ್ಕೆ ಬಿಟ್ಟು ಬಂದವರಿಗೆ ಅದೇ ಆಯೋಗವು ಒಂದು ವರುಷದ ಬದಲು ಎರಡು ವರುಷಗಳ ಉಮೇದವಾರಿಯನ್ನು ವಿಧಿಸಿತು. ಅವರು ರೋಗಿಯನ್ನು ಮುಟ್ಟಿ ನೋಡಿ ಕಲಿಯಲಿಲ್ಲವೆಂಬ ಕಾರಣವು ಸರಿಯಾದದ್ದೇ. ಆದರೆ ಎರಡು ವರುಷ ನಿಲ್ಲಬೇಕಾದವರಿಗೆ ಎರಡರಷ್ಟು ಜಾಗವನ್ನು ಮಾಡಿಕೊಡುವ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ. ಇವರಿಂದ ಶುಲ್ಕ ತೆಗೆದುಕೊಳ್ಳಬಾರದೆಂದೂ ಇತರರಂತೆ ಇವರಿಗೂ ಸ್ಟೈಪೆಂಡು ಕೊಡಬೇಕೆಂದೂ ಆಯೋಗದ ಸ್ಪಷ್ಟವಾದ ಆಜ್ಞೆಯುಂಟು. ಸ್ಟೈಪೆಂಡಿನಲ್ಲಿ ಭೇದ ಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವೂ ೨೦೨೪ರಲ್ಲಿ ಹೇಳಿತು. ಆಜ್ಞೆಯು ಕಾಗದದ ಮೇಲಿನದು. ಕಾಲೇಜಿನ ಕಾರಕೂನನ ಮೇಜಿನ ಮುಂದೆ ನಡೆಯುವುದು ಬೇರೆ.

ಇಂಡಿಯ ಕಡೆಯ ರೈತರೊಬ್ಬರು ಕೆಲವು ತಿಂಗಳ ಹಿಂದೆ ನಮ್ಮ ಕಚೇರಿಗೆ ಬಂದಿದ್ದರು. ಮಗನು ಮೂರನೆಯ ಸಲಕ್ಕೆ ಪರೀಕ್ಷೆ ಗೆದ್ದು ಹನ್ನೊಂದು ತಿಂಗಳಾಗಿತ್ತು. ಒಂದು ಕಾಲೇಜಿನವರು ಜಾಗವಿಲ್ಲವೆಂದರು. ಇನ್ನೊಂದು ಕಾಲೇಜಿನವರು ಜಾಗವುಂಟು, ಸ್ಟೈಪೆಂಡು ಬೇಡವೆಂದು ಬರೆದುಕೊಡು ಎಂದರು. ‘ಸಾಹೇಬ್ರ, ನನ್ನ ಮಗ ಡಾಕ್ಟರ ಆಗ್ಯಾನೋ ಇಲ್ಲೋ? ಊರಾಗ ಕೇಳಿದವರಿಗೆ ನಾ ಏನಂತ ಹೇಳ್ಲಿ?’ ಎಂದು ಅವರು ಕೇಳಿದರು. ಇದಕ್ಕೆ ಉತ್ತರ ಹೇಳಬೇಕಾದವರು ಬೆಂಗಳೂರಿನಲ್ಲಿದ್ದಾರೆ, ೫೦೦ ಕಿಲೋಮೀಟರಿಗೂ ಮಿಕ್ಕಿದ ದಾರಿ. ಇಂಡಿಯ ಲಿಂಬೆಹಣ್ಣಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರಕಿದೆ; ಆ ಹಣ್ಣನ್ನು ಮಾರಿ ಓದಿಸಿದ ಹುಡುಗನ ಗುರುತು ಮಾತ್ರ ಇನ್ನೂ ದಫ್ತರದಲ್ಲಿಯೇ ಇದೆ.

ಇಂಥ ಹುಡುಗನು ಕಾಯುವ ಕಾಲದಲ್ಲಿ ಏನು ಮಾಡುತ್ತಾನೆಂಬುದನ್ನು ಆರೋಗ್ಯ ಇಲಾಖೆಯವರು ಅರಿಯದವರೇನಲ್ಲ. ಸಾಲದ ಬಡ್ಡಿ ಏರುತ್ತದೆ. ಯಾವುದೋ ನರ್ಸಿಂಗ್ ಹೋಮಿನಲ್ಲಿ ರಾತ್ರಿಯ ಪಾಳಿಗೆ ಬಾ, ಹೆಸರು ಬೇರೆಯವರದಿರಲಿ ಎಂದು ಕರೆಯುವವರಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದೆ ವೈದ್ಯವೃತ್ತಿ ಮಾಡಿದರೆ ೨೦೧೯ರ ಕಾಯಿದೆಯಂತೆ ಒಂದು ವರುಷದವರೆಗೆ ಸೆರೆ, ಇಲ್ಲವೆ ೫ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೋದವನು ಅಪರಾಧಿಯೇ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ನ್ಯಾಯವಾದ ಬಾಗಿಲನ್ನು ಮುಚ್ಚಿ ಕಳ್ಳದಾರಿಯನ್ನು ತೆರೆದಿಟ್ಟವರಿಗೆ ಯಾವ ಕಲಮಿನ ಪ್ರಕಾರ ಶಿಕ್ಷೆ?

ನಮ್ಮ ಸೂಚನೆಯು ಇಷ್ಟು. ಈ ನಾಲ್ಕು ತಾಲೂಕುಗಳ ಸರಕಾರಿ ದವಾಖಾನೆಗಳನ್ನು ಉಮೇದವಾರಿಗೆ ತೆರೆಯಬೇಕು. ಮೊದಲ ಆರು ತಿಂಗಳು ಕಾಲೇಜಿನ ದೊಡ್ಡ ದವಾಖಾನೆಯಲ್ಲಿ, ಮಿಕ್ಕ ಆರು ತಿಂಗಳು ತಾಲೂಕಿನಲ್ಲಿ ಕಳೆಯಲಿ. ಕಾಲೇಜಲ್ಲದ ದವಾಖಾನೆಗಳಲ್ಲಿ ಉಮೇದವಾರಿಗೆ ಆಯೋಗವು ಹಿಂದೊಮ್ಮೆ ತಾನೇ ಅನುಮತಿ ಕೊಟ್ಟದ್ದರಿಂದ ಇದು ನಾವು ಕನಸು ಕಂಡು ಹೇಳುವ ಮಾತಲ್ಲ. ಸ್ಟೈಪೆಂಡು ಸರಕಾರದ ಖಜಾನೆಯಿಂದ ನೇರವಾಗಿ ಅವರ ಖಾತೆಗೆ ಹೋಗಲಿ. ನಡುವೆ ಕಾಲೇಜಿನವರ ಕೈ ಬೇಡ. ಕಾಗದಪತ್ರಗಳ ತಪಾಸಣೆಗೆ ಕರ್ನಾಟಕ ವೈದ್ಯಕೀಯ ಮಂಡಳಿಯವರು ತಿಂಗಳಿಗೊಮ್ಮೆ ವಿಜಯಪುರಕ್ಕೆ ಒಬ್ಬ ಅಧಿಕಾರಿಯನ್ನು ಕಳುಹಿಸಲಿ. ಅರ್ಜಿ ಬಂದ ಇಂತಿಷ್ಟು ದಿನಗಳೊಳಗೆ ಸ್ಥಾನ ಕೊಡುವೆವೆಂದು, ಇಲ್ಲವಾದರೆ ಕಾರಣವನ್ನು ಲಿಖಿತವಾಗಿ ತಿಳಿಸುವೆವೆಂದು ಇಲಾಖೆಯವರು ಕಟ್ಟುಬೀಳಲಿ.

ತಾಲೂಕಿನ ದವಾಖಾನೆಯಲ್ಲಿ ಕಲಿಸುವವರಾರು ಎಂಬ ಆಕ್ಷೇಪವು ಬರುವುದು ಖಂಡಿತ, ಅದು ತೂಕವುಳ್ಳ ಆಕ್ಷೇಪ. ಶಸ್ತ್ರವೈದ್ಯನೂ ಪ್ರಸೂತಿತಜ್ಞರೂ ಮಕ್ಕಳ ವೈದ್ಯನೂ ಇಲ್ಲದ ದವಾಖಾನೆಗೆ ಹುಡುಗನನ್ನು ಕಳುಹಿಸಿದರೆ ಅವನು ಚೀಟಿ ಬರೆಯುವುದನ್ನಲ್ಲದೆ ಮತ್ತೇನನ್ನೂ ಕಲಿಯಲಾರನು, ರೋಗಿಗೂ ಅಪಾಯ. ಆದುದರಿಂದ ತಜ್ಞರ ಹುದ್ದೆಗಳು ತುಂಬಿರುವ ದವಾಖಾನೆಗೆ ಮಾತ್ರ ಅನುಮತಿಯಿರಲಿ. ಸಿಂದಗಿಗೆ ಅನುಮತಿ ಸಿಕ್ಕಿ ಮುದ್ದೇಬಿಹಾಳಕ್ಕೆ ಸಿಕ್ಕದಿದ್ದರೆ ಮುದ್ದೇಬಿಹಾಳದವರು ಸುಮ್ಮನಿರಲಾರರು. ಖಾಲಿ ಹುದ್ದೆಯನ್ನು ತುಂಬಿರೆಂದು ಕೇಳಲು ಅವರಿಗೊಂದು ಹೊಸ ಆಧಾರ ದೊರೆಯುವುದು. ಅಗ್ಗದ ಕೂಲಿಯಾಳುಗಳನ್ನಾಗಿ ಇವರನ್ನು ಬಳಸಿಕೊಂಡು ಕಾಯಂ ಡಾಕ್ಟರರನ್ನು ನೇಮಿಸದೆ ಬಿಡುವ ಹವಣಿಕೆಯನ್ನು ಮಾತ್ರ ಯಾರೂ ಮಾಡಕೂಡದು.

ಮನೆಯ ಹಿರಿಯರಿಗೂ ಒಂದು ಮಾತು. ವಿದೇಶದ ಕಾಲೇಜಿನ ಬಣ್ಣದ ಚಿತ್ರ ತೋರಿಸುವ ದಲಾಲನು ಬಂದಾಗ ಮೂರು ಪ್ರಶ್ನೆ ಕೇಳಿರಿ: ಓದು ೫೪ ತಿಂಗಳುಂಟೋ, ಆ ಕಾಲೇಜಿನಲ್ಲಿಯೇ ಉಮೇದವಾರಿ ಉಂಟೋ, ಆ ದೇಶದ ಪಟ್ಟಿಯಲ್ಲಿ ಹುಡುಗನ ಹೆಸರು ಬರೆಯುವರೋ. ಒಂದಕ್ಕಾದರೂ ಕಾಗದದ ಮೇಲೆ ಉತ್ತರ ಕೊಡದಿದ್ದರೆ ಹೊಲದ ಉತಾರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿರಿ.

ಇಲ್ಲಿಯವರಿಗೂ ಹೊರಗಿನವರಿಗೂ ಒಂದೇ ಪರೀಕ್ಷೆಯೆಂದು ೨೦೧೯ರ ಕಾಯಿದೆಯಲ್ಲಿಯೇ ವಚನವಿತ್ತಿದ್ದಾರೆ. ನೆಕ್ಸ್ಟ್ ಎಂಬ ಹೆಸರಿನ ಆ ಪರೀಕ್ಷೆಯು ಮುಂದಕ್ಕೆ ಹೋಗುತ್ತಲೇ ಇದೆ. ಅದು ಬರುವ ತನಕ ನಾಲ್ಕು ತಾಲೂಕುಗಳ ರೋಗಿಗಳು ಕಾಯಲಾರರು. ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಆರೋಗ್ಯ ಮಂತ್ರಿಗಳನ್ನು ಹೀಗೆ ಕೇಳಬೇಕು: ಪರೀಕ್ಷೆ ಗೆದ್ದು ಸ್ಥಾನಕ್ಕಾಗಿ ಅರ್ಜಿ ಹಾಕಿದ ಈ ಜಿಲ್ಲೆಯವರೆಷ್ಟು ಜನ, ಸ್ಥಾನ ಸಿಕ್ಕವರೆಷ್ಟು ಜನ, ಸ್ಟೈಪೆಂಡು ಬಂದವರೆಷ್ಟು ಜನ; ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದವಾಖಾನೆಗಳಲ್ಲಿ ಈ ಹೊತ್ತು ಖಾಲಿಯಿರುವ ಡಾಕ್ಟರರ ಹುದ್ದೆಗಳೆಷ್ಟು. ಬಂದ ಉತ್ತರವನ್ನು, ಅದು ಹೇಗೇ ಇರಲಿ, ಇದೇ ಪುಟದಲ್ಲಿ ನಾವು ಪೂರ್ತಿಯಾಗಿ ಅಚ್ಚು ಮಾಡುವೆವು.