ಸೊನ್ನೆಗೆ ಇಳಿಸಿದ್ಯೇನೋ?

ಹೋದ ತಿಂಗಳು ಒಂದು ಭಾನುವಾರ, ಕುವೆಂಪುನಗರದ ನಮ್ಮ ಮನೆ. ಅಪ್ಪನಿಗೆ ದೊರೆಸ್ವಾಮಿ ಅಯ್ಯಂಗಾರ್ ವೀಣೆ ಅಂದ್ರೆ ಪ್ರಾಣ. ಹೊಸ ಹೆಡ್‌ಫೋನ್ ಆಂಪ್‌ನಲ್ಲಿ ಕೇಳಿಸೋಣ ಅಂತ ನನ್ನ ಹೆಡ್‌ಫೋನ್ ಅವರ ಕಿವಿಗೆ ಹಾಕಿ, ಫೋನಲ್ಲಿ ವೀಣೆ ಶುರು ಮಾಡಿ, ಆಮೇಲೆ ಆಂಪ್ ಸ್ವಿಚ್ ಒತ್ತಿದೆ. 'ಟಪ್' ಅಂತ ಒಂದು ಹೊಡೆತ, ಹಿಂದೆಯೇ ಕಿವಿಗಡಚಿಕ್ಕುವ ವೀಣೆ. ಅಪ್ಪ ಹೆಡ್‌ಫೋನ್ ಕಿತ್ತೆಸೆದರು. "ಏನೋ ಇದು, ಕಿವಿ ತೂತು ಮಾಡ್ತೀಯಾ?"

ಆಮೇಲೆ ಎಡಗಡೆ ಬರೀ ಕರಕರ. ರಿಪೇರಿಯವರು ಬಿಚ್ಚಿ ನೋಡಿ, "ಕಾಯಿಲ್ ಸುಟ್ಟಿದೆ ಸಾರ್" ಅಂದರು. ಮೊದಲ ಸಂಬಳದಲ್ಲಿ ಕೊಂಡಿದ್ದು!

ತಪ್ಪು ನನ್ನದೇ. ಹಿಂದಿನ ರಾತ್ರಿ ಗೆಳೆಯನ 300 ಓಮ್ ಹೆಡ್‌ಫೋನಿಗೆ ಅಂತ ವಾಲ್ಯೂಮ್ ಏರಿಸಿದ್ದೆ, ಇಳಿಸಿರಲಿಲ್ಲ. ನನ್ನದು 32 ಓಮ್. ಲೆಕ್ಕ ಸುಲಭ: ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ಪವರ್. 4 ವೋಲ್ಟ್‌ಗೆ 300 ಓಮ್‌ನದಕ್ಕೆ ಹೋಗೋದು ಸುಮಾರು 53 ಮಿಲಿವ್ಯಾಟ್. ಆಂಪ್‌ಗೆ ತಾಕತ್ತಿದ್ದರೆ 32 ಓಮ್‌ನದಕ್ಕೆ 500! ಕೂದಲೆಳೆಯಂಥ ತಂತಿಯ ಸುರುಳಿ ಆ ಬಿಸಿ ಹೇಗೆ ತಡೆದೀತು?

ಆ 'ಟಪ್' ಬೇರೆಯದೇ ಕಾಟ. ಆನ್ ಮಾಡಿದ ಕೂಡಲೇ, ಒಳಗಿನ ವೋಲ್ಟೇಜ್ ಸ್ಥಿರವಾಗುವ ಮುಂಚೆಯೇ ಒಂದು ಹೊಡೆತ ಹೊರಗೆ ಬರಬಹುದು. ಕೆಲವು ಆಂಪ್‌ಗಳಲ್ಲಿ ಇದನ್ನು ತಡೆಯೋಕೆ ರಿಲೇ ಇರುತ್ತೆ. ಕೆಲವು ಸೆಕೆಂಡ್ ಬಿಟ್ಟು 'ಟಿಕ್' ಅಂತ ಹೆಡ್‌ಫೋನಿಗೆ ಸಂಪರ್ಕ ಕೊಡುತ್ತೆ. ಕೊಳ್ಳುವಾಗ ಇದೆಯಾ ಅಂತ ಕೇಳಿ.

ಈಗ ನಮ್ಮನೆ ನಿಯಮ ಇಷ್ಟು. ವಾಲ್ಯೂಮ್ ಸೊನ್ನೆಗೆ. ಮೊದಲು ಫೋನ್ ಅಥವಾ ಲ್ಯಾಪ್‌ಟಾಪ್, ಆಮೇಲೆ ಆಂಪ್ ಆನ್, ಕೊನೆಗೆ ಹೆಡ್‌ಫೋನ್ ಪ್ಲಗ್. ಹಾಡು ಶುರುವಾದ ಮೇಲೆ ನಿಧಾನಕ್ಕೆ ಏರಿಸೋದು. ಮುಗಿದಾಗ ಉಲ್ಟಾ: ಮೊದಲು ಹೆಡ್‌ಫೋನ್ ಕಿತ್ತು, ಆಮೇಲೆ ಆಂಪ್ ಆಫ್. ಆಂಪ್‌ನಲ್ಲಿ ಗೇನ್ ಸ್ವಿಚ್ ಇದ್ದರೆ ಕಡಿಮೆ ಓಮ್‌ನ ಹೆಡ್‌ಫೋನಿಗೆ 'ಲೋ'ನಲ್ಲೇ ಇರಲಿ. ಸದ್ದು ಒಡೆದ ಹಾಗೆ ಕೇಳಿಸಿದರೆ ತಕ್ಷಣ ಇಳಿಸಿ.

ಸೆಕೆಂಡ್‌ಹ್ಯಾಂಡ್ ಆಂಪ್ ತಂದಿದ್ದರೆ, ಹಾಡು ನಿಲ್ಲಿಸಿ ಔಟ್‌ಪುಟ್‌ನ ಡಿಸಿ ವೋಲ್ಟೇಜನ್ನು ಮಲ್ಟಿಮೀಟರಲ್ಲಿ ನೋಡಿ. ಸೊನ್ನೆ ಹತ್ತಿರ ಇರಬೇಕು. ನೂರಾರು ಮಿಲಿವೋಲ್ಟ್ ತೋರಿಸಿದರೆ ಹೆಡ್‌ಫೋನ್ ಹಾಕಲೇಬೇಡಿ.

ಅಪ್ಪನ ಕಿವಿಯಲ್ಲಿ ಮಾತ್ರ ಅವತ್ತು ರಾತ್ರಿವರೆಗೂ ಗುಂಯ್ ಅನ್ನುತ್ತಿತ್ತು. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇರೋ ಊರಲ್ಲಿದ್ದೂ ನನಗೆ ಕಿವಿಯ ಬೆಲೆ ಗೊತ್ತಾಗಿದ್ದು ಆ ರಾತ್ರಿ. ಬೆಳಿಗ್ಗೆ ಎದ್ದಾಗ ಗುಂಯ್ ನಿಂತಿತ್ತು, ಪುಣ್ಯ. 80 ಡೆಸಿಬೆಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಮೀರಿ ಕೇಳಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಸುಟ್ಟ ಹೆಡ್‌ಫೋನಿಗೆ ಬದಲಿ ಸಿಗುತ್ತೆ. ಕಿವಿಗೆ ಎಲ್ಲಿಂದ ತರೋದು?

ಅಪ್ಪ ಈಗಲೂ ವೀಣೆ ಕೇಳ್ತಾರೆ. ಆದರೆ ಹೆಡ್‌ಫೋನ್ ಕೈಗೆ ಕೊಟ್ಟ ತಕ್ಷಣ ಕಿವಿಗೆ ಹಾಕಲ್ಲ. ನನ್ನ ಮುಖ ನೋಡಿ ಒಂದೇ ಮಾತು: "ಸೊನ್ನೆಗೆ ಇಳಿಸಿದ್ಯೇನೋ?"